ಶ್ರಾವಿಕೆಯ ದಿನಚರಿ ಮತ್ತು ಹೃದಯದ ಆರೋಗ್ಯ

ಜೈನಾಚಾರ್ಯರು ಆತ್ಮಕಲ್ಯಾಣದ ಮಾರ್ಗವನ್ನು ಬೋಧಿಸಿದಂತೆಯೇ ಆ ಮಾರ್ಗದಲ್ಲಿ ಸಾಗಲು ಸಾಧನವಾದ ಶರೀರದ ರಕ್ಷಣೆಯನ್ನೂ ಉಪೇಕ್ಷಿಸಲಿಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಕಾಲದಲ್ಲಿ, ಎಂದರೆ 9ನೆಯ ಶತಮಾನದಲ್ಲಿ, ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದರು. ಮದ್ಯ, ಮಾಂಸ, ಮಧುಗಳನ್ನು ಸೇರಿಸದೆ ಚಿಕಿತ್ಸೆ ಸಾಧ್ಯವೆಂಬುದನ್ನು ಪ್ರತಿಪಾದಿಸಿದ ಗ್ರಂಥವಿದು. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದು ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಬರೆದನು. ಉಗ್ರಾದಿತ್ಯರ ಗ್ರಂಥವು ಪಂಡಿತ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ, ಹಿಂದಿ ಅನುವಾದದೊಡನೆ, 1940ರಲ್ಲಿ ಅಚ್ಚಾಗಿ ಹೊರಬಂದುದು ನಮ್ಮ ಸೊಲ್ಲಾಪುರದಿಂದಲೇ. ಕನ್ನಡ ನಾಡಿನ ಅರಸನ ಕಾಲದ ಸಂಸ್ಕೃತ ಗ್ರಂಥ, ಹಿಂದಿಯ ಅರ್ಥದೊಡನೆ, ಮರಾಠಿ ಮಾತನಾಡುವ ನಗರದಲ್ಲಿ ಮುದ್ರಣಗೊಂಡ ಈ ಸಂಗತಿಯು ಇಲ್ಲಿಯ ಸಮಾಜದ ಚಿತ್ರವೂ ಹೌದು. ಇಂದಿಗೂ ಒಂದೇ ಬಸದಿಯ ಅಂಗಳದಲ್ಲಿ ಕನ್ನಡ, ಮರಾಠಿ, ಗುಜರಾತಿ, ಹಿಂದಿ ಮಾತನಾಡುವ ಶ್ರಾವಿಕೆಯರು ಒಟ್ಟಾಗಿ ಅಭಿಷೇಕ ನೋಡುತ್ತಾರೆ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ಮನೆಯ ಹಿರಿಯರಿಗೆ ಹೊತ್ತುಹೊತ್ತಿಗೆ ಗುಳಿಗೆ ಕೊಡುವವಳು, ಮುನಿಸಂಘ ಬಂದಾಗ ಚೌಕಾ ಹೂಡಿ ಶುದ್ಧ ಆಹಾರ ಸಿದ್ಧಪಡಿಸುವವಳು, ಮಕ್ಕಳ ಜ್ವರ ಕೆಮ್ಮಿಗೆ ರಾತ್ರಿ ಎಚ್ಚರವಿರುವವಳು ಸ್ತ್ರೀಯೇ. ಕೊಡುವ ಸಾಲಿನಲ್ಲಿ ಮೊದಲು ನಿಲ್ಲುವ ಆಕೆ ತೆಗೆದುಕೊಳ್ಳುವ ಸಾಲಿನಲ್ಲಿ ಮಾತ್ರ ಕೊನೆಗೆ ನಿಲ್ಲುತ್ತಾಳೆ. ಈ ಲೇಖನದ ವಿಷಯವಿರುವುದು ಇಲ್ಲಿಯೇ.

ಹೃದ್ರೋಗವು ಪುರುಷರ ರೋಗವೆಂಬ ಭಾವನೆ ಬಹುಕಾಲ ವೈದ್ಯರಲ್ಲಿಯೂ ಇದ್ದಿತು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ ನಡೆದುಬಂದಿರುವ ಅಧ್ಯಯನದಲ್ಲಿ ಆರಂಭದಿಂದಲೇ ಸ್ತ್ರೀಯರೂ ಸೇರಿದ್ದರು. ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನಗಳು ಹೃದಯಕ್ಕೆ ಅಪಾಯಕಾರಿಗಳೆಂಬುದು ಬಹುಮಟ್ಟಿಗೆ ಅಲ್ಲಿಂದ ತಿಳಿದುಬಂದಿತು. ಆದರೂ ಮುಂದೆ ನಡೆದ ಎಷ್ಟೋ ಔಷಧ ಪ್ರಯೋಗಗಳಲ್ಲಿ ಸ್ತ್ರೀಯರ ಪಾಲು ಅಲ್ಪವಾಗಿತ್ತು. ಇಂದು ಜಗತ್ತಿನಲ್ಲಿಯೂ ಭಾರತದಲ್ಲಿಯೂ ಸ್ತ್ರೀಯರ ಮರಣಕ್ಕೆ ಅತಿ ದೊಡ್ಡ ಕಾರಣ ಹೃದಯ ಮತ್ತು ರಕ್ತನಾಳಗಳ ರೋಗಗಳೇ ಆಗಿವೆ.

ಮುಟ್ಟು ನಿಲ್ಲುವವರೆಗೆ ಸ್ತ್ರೀಯರಲ್ಲಿ ಹೃದಯಾಘಾತದ ಸಂಭವ ಪುರುಷರಿಗಿಂತ ಕಡಿಮೆ. ಬಳಿಕ ಆ ಅಂತರ ಕ್ರಮೇಣ ಕರಗುತ್ತದೆ. ಮಧುಮೇಹವಿದ್ದರೆ ಆ ರಕ್ಷಣೆಯು ಮೊದಲೇ ಕುಂದುತ್ತದೆ. ಸಕ್ಕರೆ ರೋಗವು ಪುರುಷರ ಹೃದಯಕ್ಕಿಂತ ಸ್ತ್ರೀಯರ ಹೃದಯಕ್ಕೆ ಹೆಚ್ಚು ಹಾನಿ ಮಾಡುತ್ತದೆಂದು ಅಧ್ಯಯನಗಳು ತೋರಿಸಿವೆ. ಇನ್ನೊಂದು ಸಂಗತಿ ಅನೇಕ ತಾಯಂದಿರಿಗೆ ತಿಳಿದಿಲ್ಲ. ಬಸಿರಿನಲ್ಲಿ ರಕ್ತದೊತ್ತಡ ಏರಿದ್ದವರಿಗೆ ಅಥವಾ ಸಕ್ಕರೆ ಕಾಣಿಸಿಕೊಂಡಿದ್ದವರಿಗೆ ಹೆರಿಗೆಯಾದ ಮೇಲೆ ಎಲ್ಲವೂ ಸರಿಹೋಯಿತೆಂದು ತೋರಿದರೂ, ಮುಂದಿನ ವಯಸ್ಸಿನಲ್ಲಿ ಹೃದ್ರೋಗದ ಸಂಭವ ಇತರರಿಗಿಂತ ಹೆಚ್ಚು. ಇಪ್ಪತ್ತು ವರ್ಷದ ಹಿಂದಿನ ಆ ಬಸಿರಿನ ಮಾತನ್ನು ಇಂದಿನ ವೈದ್ಯರಿಗೆ ತಪ್ಪದೆ ತಿಳಿಸಬೇಕು. ಅವರು ಕೇಳದಿದ್ದರೂ ತಿಳಿಸಬೇಕು.

ಬಾಹ್ಯ ತಪ ಮತ್ತು ನಿತ್ಯದ ಊಟ

ಹೃದಯಕ್ಕೆ ಹಿತವಾದ ನಡವಳಿಕೆಗಳನ್ನು ಜೈನ ಕುಟುಂಬವು ಹೊರಗಿನಿಂದ ಕಲಿಯಬೇಕಾದುದು ಕಡಿಮೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಹೇಳುವ ಆರು ಬಾಹ್ಯ ತಪಗಳಲ್ಲಿ ಅನಶನ, ಅವಮೋದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ ಈ ನಾಲ್ಕೂ ಊಟಕ್ಕೆ ಸಂಬಂಧಿಸಿದವು. ಸಮಾಜದಲ್ಲಿ ಹೆಚ್ಚು ಗೌರವ ಪಡೆಯುವುದು ಅನಶನ, ಎಂದರೆ ಉಪವಾಸ. ಹತ್ತು ಉಪವಾಸ ಮಾಡಿದವರಿಗೆ ಮೆರವಣಿಗೆ, ಸನ್ಮಾನ ಉಂಟು. ವರ್ಷವಿಡೀ ಹೊಟ್ಟೆಗೆ ಸ್ವಲ್ಪ ಕಡಿಮೆ ಉಂಡವಳಿಗೆ ಯಾರೂ ಶಾಲು ಹೊದಿಸುವುದಿಲ್ಲ. ಆದರೆ ಹೃದಯದ ದೃಷ್ಟಿಯಿಂದ ನೋಡಿದರೆ ವರ್ಷಕ್ಕೆ ಹತ್ತು ದಿನದ ಅನಶನಕ್ಕಿಂತ ಮುನ್ನೂರೈವತ್ತು ದಿನದ ಅವಮೋದರ್ಯ ಮತ್ತು ರಸಪರಿತ್ಯಾಗಗಳೇ ಹೆಚ್ಚು ಫಲಕಾರಿ.

ಅವಮೋದರ್ಯವೆಂದರೆ ಹಸಿವೆ ಪೂರ್ತಿ ಇಂಗುವ ಮೊದಲೇ ಕೈ ತೊಳೆಯುವುದು. ಗೃಹಿಣಿಯು ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಾಳೆ. ಉಳಿದ ಅನ್ನವನ್ನು ಚೆಲ್ಲಿದರೆ ಜೀವಹಿಂಸೆಯಾದೀತೆಂದು ಬೇಡದಿದ್ದರೂ ತಿಂದು ಮುಗಿಸುತ್ತಾಳೆ. ಭಾವನೆ ಒಳ್ಳೆಯದು. ಆದರೆ ಪಾತ್ರೆಯಲ್ಲಿ ಉಳಿದುದನ್ನು ಹೊಟ್ಟೆಗೆ ಸುರಿದುಕೊಳ್ಳುವುದು ಅದಕ್ಕೆ ಪರಿಹಾರವಲ್ಲ. ಅಳತೆ ಹಿಡಿದು ಅಡುಗೆ ಮಾಡುವುದೇ ಪರಿಹಾರ. ದಕ್ಷಿಣ ಏಷ್ಯದ ಸ್ತ್ರೀಯರಲ್ಲಿ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಮೀರಿದರೆ ಅಪಾಯದ ಸೂಚನೆಯೆಂದು ತಜ್ಞರು ಗಣಿಸುತ್ತಾರೆ. ತೂಕದ ಯಂತ್ರವಿಲ್ಲದ ಮನೆಯಲ್ಲಿಯೂ ದರ್ಜಿಯ ಟೇಪು ಇದ್ದೇ ಇರುತ್ತದೆ.

ಈ ಸೀಮೆಯ ಸಾಂಪ್ರದಾಯಿಕ ಊಟವಂತೂ ಹೃದಯಕ್ಕೆ ಮಿತ್ರನಂತಿದೆ. ಮಂಗಳವೇಢೆಯ ಮಾಲದಂಡಿ ಜೋಳದ ರೊಟ್ಟಿ, ಹೆಸರು, ಮಡಕಿ, ತೊಗರಿಯ ಬೇಳೆ, ಹಸಿಯ ಪಲ್ಯ, ಮಜ್ಜಿಗೆ, ಒಂದೆರಡು ಚಮಚ ಶೇಂಗಾ ಹಿಂಡಿ. ಜೋಳದಲ್ಲಿ ನಾರಿನ ಅಂಶ ಹೇರಳವಾಗಿದೆ. ಶೇಂಗಾದ ಕೊಬ್ಬು ಬಹುಪಾಲು ಹಿತಕಾರಿಯಾದುದು. ಮಿತ ಮೀರಿದರೆ ಮಾತ್ರ ತೂಕ ಏರುತ್ತದೆ. ಕನ್ನಡದ ಮನೆಯಲ್ಲಿ ಇದನ್ನು ಖಡಕ್ ರೊಟ್ಟಿಯೆಂದೂ ಮರಾಠಿ ಮನೆಯಲ್ಲಿ ಕಡಕ ಭಾಕರಿಯೆಂದೂ ಕರೆಯುವರು. ಗುಜರಾತಿ ಮನೆಯ ಎಣ್ಣೆ ಕಡಿಮೆಯ ಖಾಖರಾ ಸಹ ಇದರ ಸೋದರನೇ. ದುರ್ದೈವದಿಂದ ಇಂದಿನ ದಿನಮಾನಗಳಲ್ಲಿ ಜೋಳದ ಸ್ಥಾನವನ್ನು ಮೈದಾ, ಸಾಬೂದಾಣಿ, ಬೇಕರಿಯ ಖಾರಿ ಬಿಸ್ಕತ್ತುಗಳು ಆಕ್ರಮಿಸುತ್ತಿವೆ. ವನಸ್ಪತಿಯಿಂದ ಮಾಡಿದ ಪದಾರ್ಥಗಳಲ್ಲಿರುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಅತ್ಯಂತ ಕೆಟ್ಟದ್ದು. ಎಣ್ಣೆ, ವನಸ್ಪತಿಗಳಲ್ಲಿ ಅದು ನೂರಕ್ಕೆ 2 ಭಾಗವನ್ನು ಮೀರಬಾರದೆಂದು ಭಾರತದಲ್ಲಿ 2022ರಿಂದ ನಿಯಮ ಜಾರಿಯಾಗಿದೆ. ಆದರೂ ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಕರಿಯುವ ಅಭ್ಯಾಸವನ್ನು ಯಾವ ನಿಯಮವೂ ಮನೆಯೊಳಗೆ ಬಂದು ತಡೆಯಲಾರದು.

ಸೂರ್ಯಾಸ್ತದ ಮೊದಲು ಊಟ ಮುಗಿಸುವ ನಿಯಮದ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದೇ ಆಹಾರವನ್ನು ರಾತ್ರಿ ಉಂಡರೆ ರಕ್ತದ ಸಕ್ಕರೆಯು ಹಗಲಿನಲ್ಲಿ ಉಂಡುದಕ್ಕಿಂತ ಹೆಚ್ಚು ಏರುತ್ತದೆಂಬುದು ವೈದ್ಯಶಾಸ್ತ್ರಕ್ಕೂ ತಿಳಿದಿದೆ. ಆದರೆ ಶಾಲೆ, ಬ್ಯಾಂಕು, ಅಂಗಡಿಗಳಲ್ಲಿ ದುಡಿದು ಸಂಜೆ ಮರಳುವ ಸೊಸೆಯಂದಿರು ಸೂರ್ಯನೊಡನೆ ಪಂದ್ಯ ಹೂಡಿದವರಂತೆ ಅವಸರದಲ್ಲಿ ಶೇವು, ಚೂಡಾ, ಫರಸಾಣ, ಭಜಿಗಳಿಂದ ಹೊಟ್ಟೆ ತುಂಬಿಕೊಳ್ಳುವುದು ಕಂಡುಬರುತ್ತದೆ. ವ್ರತ ಉಳಿಯಿತು, ಅದರ ಆರೋಗ್ಯಫಲ ಹೋಯಿತು. ಬೆಳಿಗ್ಗೆಯೇ ಮಾಡಿಟ್ಟ ರೊಟ್ಟಿ ಮತ್ತು ಬೇಳೆಯ ಡಬ್ಬಿಯೊಂದನ್ನು ಕೆಲಸದ ಸ್ಥಳದಲ್ಲಿಯೇ ಐದು ಗಂಟೆಗೆ ತೆರೆದರೆ ಎರಡೂ ಉಳಿಯುತ್ತವೆ.

ಉಪ್ಪಿನ ಲೆಕ್ಕ

ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನೋ ಹಲವನ್ನೋ ಬಿಡುವುದು ರಸಪರಿತ್ಯಾಗ. ವಾರದ ಒಂದೊಂದು ದಿನ ಒಂದೊಂದನ್ನು ಬಿಡುವ, ರವಿವಾರ ಉಪ್ಪು ಬಿಡುವ ರೂಢಿ ಹಲವು ಮನೆತನಗಳಲ್ಲಿ ಇಂದಿಗೂ ಇದೆ. ಶ್ವೇತಾಂಬರ ಬಂಧುಗಳ ಆಯಂಬಿಲವೂ ತುಪ್ಪ, ಎಣ್ಣೆ, ಹಾಲು, ಮೊಸರು, ಬೆಲ್ಲಗಳಿಲ್ಲದ ಒಪ್ಪೊತ್ತಿನ ಊಟವೇ. ಈ ಆರರಲ್ಲಿ ರಕ್ತದೊತ್ತಡದೊಡನೆ ನೇರ ಸಂಬಂಧವುಳ್ಳದ್ದು ಉಪ್ಪು. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಎಂದರೆ ಒಂದು ಚಹದ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಭಾರತದಲ್ಲಿ 2017-18ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಜನರು ಸರಾಸರಿ ಸುಮಾರು 8 ಗ್ರಾಂ ಸೇವಿಸುತ್ತಿದ್ದರು.

ಇಲ್ಲಿ ಜೈನ ಅಡುಗೆಮನೆಯ ಒಂದು ವಿಶೇಷವನ್ನು ಗಮನಿಸಬೇಕು. ಅಷ್ಟಮಿ, ಚತುರ್ದಶಿ ಮತ್ತು ಪರ್ವದ ದಿನಗಳಲ್ಲಿ ಹಸಿರು ತರಕಾರಿಯನ್ನು ಬಿಡುವುದು ವಾಡಿಕೆ. ಜೀವದಯೆಯ ದೃಷ್ಟಿಯಿಂದ ಅದು ಯೋಗ್ಯವೇ. ಆದರೆ ಬಿಟ್ಟ ತರಕಾರಿಯ ಸ್ಥಳದಲ್ಲಿ ತಟ್ಟೆಗೆ ಬರುವುದೇನು? ಹಪ್ಪಳ, ಸಂಡಿಗೆ, ಹಪ್ಪಳದ ಪಲ್ಯ, ಶೇವಿನ ಪಲ್ಯ, ಉಪ್ಪಿನಕಾಯಿ, ಕರಿದ ಮೆಣಸಿನಕಾಯಿ. ಹಪ್ಪಳಕ್ಕೆ ಉಪ್ಪಿನ ಜೊತೆಗೆ ಪಾಪಡಖಾರವೂ ಬೀಳುತ್ತದೆ. ಅದರಲ್ಲಿಯೂ ಸೋಡಿಯಂ ಇದೆ. ತ್ಯಾಗದ ದಿನವೇ ಶರೀರಕ್ಕೆ ಉಪ್ಪು ಅತಿ ಹೆಚ್ಚು ಸೇರುವ ದಿನವಾದುದು ವಿಪರ್ಯಾಸ. ಮೊಳಕೆ ಬರಿಸದೆ ಬೇಯಿಸಿದ ಹೆಸರು ಅಥವಾ ಮಡಕಿಯ ಉಸಳಿ, ತೊಗರಿಬೇಳೆಯ ಕಟ್ಟು, ಕಡಲೆ ಹಿಟ್ಟಿನ ಝುಣಕ ಇವುಗಳಿಂದ ಹಸಿರಿಲ್ಲದ ದಿನವನ್ನು ಸುಲಭವಾಗಿ ಕಳೆಯಬಹುದು.

ಸೈಂಧವ ಲವಣದ ಬಗೆಗೂ ಒಂದು ಮಾತು. ಹಿಂದಿಯವರ ಸೇಂಧಾ ನಮಕ್, ಮರಾಠಿಯವರ ಶೇಂದೇಲೋಣ ಇದೇ. ಉಪವಾಸಕ್ಕೆ ಶುದ್ಧವೆಂಬ ಕಾರಣದಿಂದ ಇದು ರಕ್ತದೊತ್ತಡಕ್ಕೂ ನಿರಪಾಯವೆಂದು ಬಹಳ ಜನ ನಂಬಿದ್ದಾರೆ. ಇದೂ ಬಹುಪಾಲು ಸೋಡಿಯಂ ಕ್ಲೋರೈಡೇ ಆದುದರಿಂದ ಸಾಮಾನ್ಯ ಉಪ್ಪು ಮಾಡುವ ಕೆಲಸವನ್ನೇ ಮಾಡುತ್ತದೆ. ಮೇಲಾಗಿ ಇದಕ್ಕೆ ಅಯೋಡಿನ್ ಸೇರಿಸಿರುವುದಿಲ್ಲ. ಪೇಟೆಯಲ್ಲಿ ಸಿಗುವ, ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಸೇರಿಸಿದ ಉಪ್ಪು ಹಲವರಿಗೆ ಉಪಯುಕ್ತವಾದರೂ ಮೂತ್ರಪಿಂಡದ ತೊಂದರೆ ಇದ್ದವರು ಮತ್ತು ಕೆಲವು ಬಗೆಯ ಬಿ.ಪಿ. ಗುಳಿಗೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಬಳಸಕೂಡದು.

ಪರ್ವದ ದಿನಗಳು ಮತ್ತು ಗುಳಿಗೆ

ಲೇಖನದ ಅತ್ಯಂತ ಮುಖ್ಯ ಭಾಗವಿದು. ದಶಲಕ್ಷಣ ಪರ್ವದಲ್ಲಿ ಅನೇಕ ಶ್ರಾವಿಕೆಯರು ನೀರನ್ನೂ ಬಿಟ್ಟು ಉಪವಾಸ ಮಾಡುತ್ತಾರೆ. ಶ್ವೇತಾಂಬರ ಮನೆಗಳಲ್ಲಿ ಎಂಟು ದಿನಗಳ ಅಠ್ಠಾಯಿ ನಡೆಯುತ್ತದೆ. ರೋಗವಿಲ್ಲದ, ಅಭ್ಯಾಸವುಳ್ಳ ಸ್ತ್ರೀಗೆ ಇದು ಸಾಧ್ಯವಾದೀತು. ಆದರೆ ಬಿ.ಪಿ., ಸಕ್ಕರೆ, ಹೃದ್ರೋಗಗಳಿಗೆ ನಿತ್ಯ ಔಷಧ ತೆಗೆದುಕೊಳ್ಳುವವರು ವ್ರತದೊಡನೆ ಗುಳಿಗೆಯನ್ನೂ ಬಿಟ್ಟುಬಿಡುತ್ತಾರೆ, ಮನೆಯವರಿಗೂ ತಿಳಿಸುವುದಿಲ್ಲ. ‘ಹತ್ತು ದಿನದಲ್ಲಿ ಏನಾಗುತ್ತದೆ’ ಎಂಬ ಭಾವನೆ.

ಏನಾಗುತ್ತದೆಂಬುದನ್ನು ಸ್ಪಷ್ಟವಾಗಿ ಹೇಳುವುದು ಒಳ್ಳೆಯದು. ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆಯನ್ನು, ಅದರಲ್ಲಿಯೂ ಮೊದಲ ತಿಂಗಳುಗಳಲ್ಲಿ, ಬಿಟ್ಟರೆ ಸ್ಟೆಂಟಿನೊಳಗೆಯೇ ರಕ್ತ ಹೆಪ್ಪುಗಟ್ಟಿ ಪ್ರಾಣಾಪಾಯವಾಗಬಹುದು. ಹೃದಯದ ಬಡಿತವನ್ನು ಹಿಡಿತದಲ್ಲಿಡುವ ಕೆಲವು ಗುಳಿಗೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಮತ್ತು ಎದೆನೋವು ಮೊದಲಿಗಿಂತ ಹೆಚ್ಚಾಗಿ ಮರುಕಳಿಸುತ್ತವೆ. ಇನ್ನು ತದ್ವಿರುದ್ಧವಾದ ಅಪಾಯವೂ ಇದೆ. ಊಟ ಬಿಟ್ಟು ಸಕ್ಕರೆಯ ಗುಳಿಗೆಯನ್ನೋ ಇನ್ಸುಲಿನ್ನನ್ನೋ ಎಂದಿನಂತೆ ತೆಗೆದುಕೊಂಡರೆ ರಕ್ತದ ಸಕ್ಕರೆ ಕುಸಿದು ಮೂರ್ಛೆ ಬರಬಹುದು. ನೀರು ಬಿಟ್ಟು ಮೂತ್ರ ಹೋಗಿಸುವ ಗುಳಿಗೆ ನುಂಗಿದರೆ ಶರೀರದ ನೀರು ಬತ್ತಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಆದುದರಿಂದ ಗುಳಿಗೆಯನ್ನು ಬಿಡುವುದೂ ತಪ್ಪು, ಉಪವಾಸದಲ್ಲಿ ಹಳೆಯ ಪ್ರಮಾಣದಲ್ಲಿಯೇ ನುಂಗುವುದೂ ತಪ್ಪು. ಪರ್ವಕ್ಕೆ ಎರಡು ಮೂರು ವಾರ ಮೊದಲೇ ವೈದ್ಯರನ್ನು ಕಂಡು, ಯಾವ ವ್ರತ ಸಾಧ್ಯ, ಯಾವುದು ಸಾಧ್ಯವಿಲ್ಲ ಎಂದು ಕೇಳಿ ಗೊತ್ತುಮಾಡಿಕೊಳ್ಳಬೇಕು.

ರಾತ್ರಿ ಔಷಧದ ಸಮಸ್ಯೆಗೂ ದಾರಿಯಿದೆ. ರಕ್ತದೊತ್ತಡಕ್ಕೆ ದಿನಕ್ಕೆ ಒಮ್ಮೆ ಮಾತ್ರ ತೆಗೆದುಕೊಳ್ಳುವ ಅನೇಕ ಗುಳಿಗೆಗಳು ಇಂದು ಲಭ್ಯವಿವೆ. ಬೆಳಿಗ್ಗೆ ತೆಗೆದುಕೊಂಡರೂ ಅವು ಫಲ ಕೊಡುತ್ತವೆ. ಕೊಲೆಸ್ಟರಾಲಿನ ಗುಳಿಗೆಗಳಲ್ಲಿಯೂ ಅಂಥವು ಇವೆ. ತಾನು ರಾತ್ರಿ ಏನನ್ನೂ ಸೇವಿಸುವುದಿಲ್ಲವೆಂದು ಶ್ರಾವಿಕೆಯು ಬಾಯಿಬಿಟ್ಟು ಹೇಳಿದರೆ ವೈದ್ಯರು ಹೊತ್ತನ್ನು ಹೊಂದಿಸಿಕೊಡಬಲ್ಲರು. ಸಂಕೋಚದಿಂದ ತಲೆಯಾಡಿಸಿ ಬಂದು, ಮನೆಯಲ್ಲಿ ರಾತ್ರಿಯ ಗುಳಿಗೆಯನ್ನು ಡಬ್ಬಿಯಲ್ಲಿಯೇ ಉಳಿಸುವುದರಿಂದ ಮೋಸ ಹೋಗುವುದು ತನ್ನ ಹೃದಯವೇ.

ಧರ್ಮದ ದೃಷ್ಟಿಯಿಂದ ಇದಕ್ಕೆ ಅಡ್ಡಿಯಿಲ್ಲವೇ ಎಂದು ಕೇಳುವವರಿದ್ದಾರೆ. ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತ್ಯಾಗ, ತಪಗಳೆರಡನ್ನೂ ಹೇಳುವಾಗ ಆಚಾರ್ಯರು ‘ಶಕ್ತಿತಃ’, ಎಂದರೆ ಶಕ್ತಿಗೆ ತಕ್ಕಂತೆ, ಎಂಬ ಪದವನ್ನು ಸೇರಿಸಿರುವುದು ಗಮನಾರ್ಹ. ಶಕ್ತಿಯನ್ನು ಬಚ್ಚಿಡಬಾರದು, ಮೀರಲೂಬಾರದು. ರಾತ್ರಿಭೋಜನ ತ್ಯಾಗದ ನಿಯಮವನ್ನು ಸ್ವೀಕರಿಸುವಾಗಲೇ ನೀರು ಮತ್ತು ಔಷಧಕ್ಕೆ ಅವಕಾಶವಿರಿಸಿಕೊಳ್ಳುವ ಗೃಹಸ್ಥರು ಅನೇಕರು. ಸಂಶಯವಿದ್ದವರು ತಮ್ಮ ಗುರುಗಳ ಮುಂದೆ ರೋಗದ ಸಂಗತಿಯನ್ನು ಮುಚ್ಚಿಡದೆ ನಿವೇದಿಸಿ ನಿಯಮ ಪಡೆಯಲಿ. ಹಿಂಸೆಯ ಲಕ್ಷಣವನ್ನು ಹೇಳುವಲ್ಲಿ ಶಾಸ್ತ್ರಕಾರರು ಪ್ರಮಾದವನ್ನು, ಎಂದರೆ ಅಜಾಗರೂಕತೆಯನ್ನು, ಮೂಲದಲ್ಲಿಯೇ ಇರಿಸಿದ್ದಾರೆ. ಆ ಪ್ರಮಾದಕ್ಕೆ ಸ್ವಂತ ಪ್ರಾಣವೂ ಹೊರತಲ್ಲ.

ಚೌಕಾ ಹೂಡುವ ಮನೆಗಳಲ್ಲಿಯೂ ಇದೇ ಎಚ್ಚರ ಬೇಕು. ಚಾತುರ್ಮಾಸದಲ್ಲಿ ನಸುಕಿನ ನಾಲ್ಕಕ್ಕೆ ಎದ್ದು ನೀರು ತಂದು, ಸೋಸಿ, ಹಿಟ್ಟು ಬೀಸಿ, ಮಹಾರಾಜರ ಆಹಾರ ಮುಗಿಯುವವರೆಗೆ ತಾವು ಬಾಯಿಗೆ ನೀರೂ ಹಾಕದ ತಾಯಂದಿರಿದ್ದಾರೆ. ಔಷಧ ತೆಗೆದುಕೊಳ್ಳುವವರು ಪ್ರತಿದಿನವೂ ಈ ಸೇವೆಯನ್ನು ಹೊರದೆ, ನಾಲ್ಕಾರು ಮನೆಯವರು ಸರದಿ ಹಂಚಿಕೊಳ್ಳುವುದು ಲೇಸು. ಪುರುಷರು ನೀರು ಹೊರಲು ಬಂದರೆ ಇನ್ನೂ ಲೇಸು.

ಇನ್ನು ಪಾರಣೆ. ದೀರ್ಘ ಉಪವಾಸದ ಮರುದಿನ ತುಪ್ಪ ಸುರಿದ ಶಿರಾ, ಕರಿದ ತಿಂಡಿಗಳನ್ನು ಪ್ರೀತಿಯಿಂದ ಒತ್ತಾಯಿಸಿ ಉಣಿಸುವ ಬಳಗವು ಹೃದಯಕ್ಕೆ ಹಿತವನ್ನು ಮಾಡುತ್ತಿಲ್ಲ. ಹೆಸರುಬೇಳೆಯ ನೀರಿನಿಂದ ಮೆಲ್ಲಗೆ ಆರಂಭಿಸುವ ಹಳೆಯ ಕ್ರಮವೇ ಸರಿಯಾದುದು.

ನಡಿಗೆ, ನಿದ್ರೆ, ಮಿಶ್ರಿ

ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕು ನಡಿಗೆ ಬೇಕೆಂದು ವೈದ್ಯರು ಹೇಳುತ್ತಾರೆ. ‘ಮನೆಗೆಲಸವೇ ವ್ಯಾಯಾಮವಲ್ಲವೇ’ ಎಂಬ ಪ್ರಶ್ನೆ ಸಹಜ. ಬಟ್ಟೆ ಒಗೆಯುವುದು, ನೆಲ ಒರೆಸುವುದು ಶ್ರಮವೇ ಸರಿ. ಆದರೆ ಮಿಕ್ಸರು, ವಾಷಿಂಗ್ ಮೆಷಿನ್ನು, ಕೆಲಸದ ಹೆಂಗಸು ಬಂದ ಮೇಲೆ ಎಷ್ಟು ಮನೆಗಳಲ್ಲಿ ಆ ಶ್ರಮ ಉಳಿದಿದೆ? ಉಸಿರು ತುಸು ವೇಗವಾಗುವಂತೆ, ಮಾತನಾಡಬಲ್ಲೆವು ಆದರೆ ಹಾಡಲಾರೆವು ಎನ್ನುವಷ್ಟು ವೇಗದಲ್ಲಿ ನಡೆಯಬೇಕು. ಬಸದಿಗೆ ಸ್ಕೂಟರ್ ಬಿಟ್ಟು ಕಾಲ್ನಡಿಗೆಯಲ್ಲಿ ಹೋದರೆ ಈರ್ಯಾಸಮಿತಿಯ ಅಭ್ಯಾಸವೂ ಆಗುತ್ತದೆ. ಸೊಲ್ಲಾಪುರದ ಏಪ್ರಿಲ್, ಮೇ ತಿಂಗಳಿನ ಬಿಸಿಲು 40 ಡಿಗ್ರಿ ಮೀರುವುದರಿಂದ ಬೇಸಿಗೆಯಲ್ಲಿ ಬೆಳಗಿನ ಎಂಟರೊಳಗೆ ಮರಳಬೇಕು. ಸಂಜೆಯ ಊಟ ಬೇಗ ಮುಗಿಯುವ ಜೈನ ಮನೆಗೆ ಮಲಗುವ ಮೊದಲು ಎರಡು ಮೂರು ಗಂಟೆಗಳ ಬಿಡುವಿದೆ. ಟಿ.ವಿ. ಧಾರಾವಾಹಿಯ ಮುಂದೆ ಆ ಹೊತ್ತು ಪೂರ್ತಿ ಕಳೆಯದೆ ಇಪ್ಪತ್ತು ನಿಮಿಷ ಅತ್ತೆ ಸೊಸೆಯರು ಜೊತೆಯಾಗಿ ನಡೆದುಬಂದರೆ ರಕ್ತದ ಸಕ್ಕರೆ ಇಳಿಯುತ್ತದೆ. ಮಾತೂ ಕೂಡಿಬಂದೀತು.

48 ನಿಮಿಷಗಳ ಸಾಮಾಯಿಕವು ಮನಸ್ಸಿನ ಉದ್ವೇಗವನ್ನು ತಗ್ಗಿಸುತ್ತದೆ. ಆದರೆ ಅದು ನಡಿಗೆಗೆ ಬದಲಿಯೂ ಅಲ್ಲ, ಗುಳಿಗೆಗೆ ಬದಲಿಯೂ ಅಲ್ಲ. ನಿದ್ರೆ ಏಳು ತಾಸಾದರೂ ಬೇಕು.

ತಂಬಾಕಿನ ಬಗೆಗೆ ಜೈನ ಸ್ತ್ರೀಯರಿಗೆ ಹೇಳಬೇಕೇ ಎನಿಸಬಹುದು. ಹುರಿದು ಪುಡಿಮಾಡಿದ ತಂಬಾಕಾದ ಮಿಶ್ರಿಯಿಂದ ಹಲ್ಲುಜ್ಜುವ ಚಟ ಮಹಾರಾಷ್ಟ್ರದ ಸ್ತ್ರೀಯರಲ್ಲಿ ಹಳೆಯದು. ಹಲ್ಲಿನ ಪುಡಿಯೆಂಬ ಹೆಸರಿನಿಂದಾಗಿ ಅದು ವ್ಯಸನಗಳ ಲೆಕ್ಕಕ್ಕೇ ಬರುವುದಿಲ್ಲ. ಬೀಡಿ ಸೇದುವವನನ್ನು ಗದರಿಸುವ ಅಜ್ಜಿಯೇ ದಿನಕ್ಕೆ ಎರಡು ಮೂರು ಸಲ ಮಿಶ್ರಿ ಹಚ್ಚುವುದುಂಟು. ಅದರ ನಿಕೋಟಿನ್ ಒಸಡಿನ ಮೂಲಕ ರಕ್ತಕ್ಕೆ ಸೇರಿ ಹೃದಯದ ಬಡಿತವನ್ನೂ ಒತ್ತಡವನ್ನೂ ಏರಿಸುತ್ತದೆ. ಬಾಯಿಯ ಕ್ಯಾನ್ಸರಿನ ಭಯ ಬೇರೆ.

‘ಗಾಬರಿ’ ಎಂಬ ಮಾತು

ಹೃದಯಾಘಾತವಾದಾಗ ಎದೆಯ ನಡುವೆ ಬಿಗಿತ, ಭಾರ ಅಥವಾ ನೋವು ಸ್ತ್ರೀ ಪುರುಷರಿಬ್ಬರಲ್ಲಿಯೂ ಸಾಮಾನ್ಯ ಲಕ್ಷಣ. ಆದರೆ ಸ್ತ್ರೀಯರಲ್ಲಿ ಅದರೊಡನೆ, ಕೆಲವೊಮ್ಮೆ ಅದಿಲ್ಲದೆಯೂ, ಉಸಿರು ಹತ್ತುವುದು, ದವಡೆ, ಕುತ್ತಿಗೆ, ಬೆನ್ನಿನ ಮೇಲ್ಭಾಗ ಅಥವಾ ತೋಳಿನಲ್ಲಿ ನೋವು, ಓಕರಿಕೆ, ತಣ್ಣನೆಯ ಬೆವರು, ಎಂದೂ ಇಲ್ಲದ ಆಯಾಸ ಇವು ಹೆಚ್ಚಾಗಿ ಕಂಡುಬರುತ್ತವೆ. ಮಧುಮೇಹವಿದ್ದವರಲ್ಲಿ ನೋವು ಇಲ್ಲದೆಯೂ ಆಘಾತವಾಗಬಹುದು.

ಈ ಅನುಭವವನ್ನು ಕನ್ನಡದ ತಾಯಿ ‘ಜೀವ ಗಾಬರಿ ಆಗಲಿಕ್ಕತ್ತೈತಿ’ ಎನ್ನುತ್ತಾಳೆ. ಮರಾಠಿಯಲ್ಲಿ ‘ಘಾಬರಲ್ಯಾಸಾರಖಂ ಹೋತಂಯ’, ಗುಜರಾತಿಯಲ್ಲಿ ‘ಗಭರಾಮಣ’, ಹಿಂದಿಯಲ್ಲಿ ‘ಘಬರಾಹಟ್’. ನಾಲ್ಕು ಭಾಷೆಗಳಲ್ಲಿಯೂ ಒಂದೇ ಮಾತು. ನಾಲ್ಕರಲ್ಲಿಯೂ ಅದಕ್ಕೆ ಭಯವೆಂಬ ಅರ್ಥವೂ ಇದೆ. ಆದುದರಿಂದಲೇ ಮನೆಯವರು ‘ಹೆದರಬೇಡ, ನೀರು ಕುಡಿ, ಮಲಗು’ ಎಂದು ಸಮಾಧಾನ ಹೇಳಿ ಅಮೂಲ್ಯವಾದ ಹೊತ್ತನ್ನು ಕಳೆಯುತ್ತಾರೆ. ಉಪವಾಸದ ದಿನವಾದರೆ ‘ಪಿತ್ತ ಏರಿದೆ’ ಎಂಬ ಇನ್ನೊಂದು ಕಾರಣ ಸಿದ್ಧವಾಗಿಯೇ ಇರುತ್ತದೆ. ದವಾಖಾನೆಯಲ್ಲಿ ಹೇಳುವಾಗ ಗಾಬರಿಯೆಂಬ ಒಂದೇ ಪದಕ್ಕೆ ನಿಲ್ಲದೆ, ನೋವು ಎಲ್ಲಿ, ಎಷ್ಟು ಹೊತ್ತಿನಿಂದ, ನಡೆದರೆ ಹೆಚ್ಚಾಗುವುದೇ, ಬೆವರು ಬಂದಿತೇ, ದಮ್ಮು ಹತ್ತಿತೇ ಎಂಬುದನ್ನು ಬಿಡಿಸಿ ಹೇಳಬೇಕು. ಮರಾಠಿ ಬಾರದ ಅತ್ತೆಯ ಜೊತೆಗೆ ಎರಡೂ ಭಾಷೆ ಬಲ್ಲವರೊಬ್ಬರು ಹೋಗಬೇಕು. ಅಕ್ಕಲಕೋಟೆ ತಾಲೂಕಿನ ಹಳ್ಳಿಗಳಲ್ಲಿ ಕನ್ನಡವೊಂದೇ ಬಲ್ಲ ಹಿರಿಯರು ಇಂದಿಗೂ ಬಹಳ.

ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಸುಮಾರು 40 ಕಿಲೋಮೀಟರ್. ಹಳ್ಳಿಯಿಂದಾದರೆ ಇನ್ನೂ ದೂರ. ಹೃದಯಾಘಾತದಲ್ಲಿ ಮುಚ್ಚಿದ ರಕ್ತನಾಳವನ್ನು ಎಷ್ಟು ಬೇಗ ತೆರೆದರೆ ಅಷ್ಟು ಹೃದಯಸ್ನಾಯು ಉಳಿಯುತ್ತದೆ. ಆದುದರಿಂದ ಇಂಥ ಲಕ್ಷಣ ಹತ್ತು ಹದಿನೈದು ನಿಮಿಷದಲ್ಲಿ ಇಳಿಯದಿದ್ದರೆ, ಅಥವಾ ಬೆವರು, ದಮ್ಮು ಕೂಡಿ ಬಂದರೆ ಒಂದು ನಿಮಿಷವೂ ಕಾಯದೆ, 108ಕ್ಕೆ ಫೋನ್ ಮಾಡಬೇಕು. ಮಹಾರಾಷ್ಟ್ರದಲ್ಲಿ ಈ ಉಚಿತ ಅಂಬುಲೆನ್ಸ್ ಸೇವೆ 2014ರಿಂದ ಇದೆ. ರೋಗಿಯನ್ನು ನಡೆಸಬಾರದು, ಮೆಟ್ಟಿಲು ಹತ್ತಿಸಿ ಇಳಿಸಬಾರದು, ಬೈಕಿನ ಹಿಂದೆ ಕೂರಿಸಬಾರದು. ಮೊದಲು ತಲುಪುವ ದವಾಖಾನೆಯಲ್ಲಿ ಇ.ಸಿ.ಜಿ. ತೆಗೆಯುವಂತೆ ಮನೆಯವರೇ ಕೇಳಬೇಕು. ಸೂರ್ಯ ಮುಳುಗಿದ್ದಾನೆ, ಇಂದು ಉಪವಾಸವಿದೆ, ಗಂಡಸರು ಅಂಗಡಿಯಿಂದ ಬರಲಿ ಎಂಬ ಯಾವ ಕಾರಣಕ್ಕೂ ತಡೆಯಬಾರದು.

ಇಷ್ಟು ದೂರ ಹೋಗದಂತೆ ತಡೆಯುವುದು ತಪಾಸಣೆ. ಮೂವತ್ತು ದಾಟಿದ ಪ್ರತಿಯೊಬ್ಬ ಸ್ತ್ರೀಯೂ ವರ್ಷಕ್ಕೊಮ್ಮೆ ರಕ್ತದೊತ್ತಡ ಮತ್ತು ರಕ್ತದ ಸಕ್ಕರೆಯನ್ನು ನೋಡಿಸಿಕೊಳ್ಳಬೇಕು. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದಕ್ಕೆ ಹಣ ಕೊಡಬೇಕಾಗಿಲ್ಲ. ಬೇರೆ ಬೇರೆ ದಿನ ಅಳೆದಾಗಲೂ ಒತ್ತಡವು 140/90ಕ್ಕೆ ಮುಟ್ಟಿದರೆ ಅಥವಾ ಮೀರಿದರೆ ತಲೆನೋವು, ತಲೆಸುತ್ತು ಏನೂ ಇಲ್ಲದಿದ್ದರೂ ಅದು ರೋಗವೇ. ಪದ್ಮಶ್ರೀ ಪಂಡಿತಾ ಸುಮತಿಬಾಯಿ ಶಹಾ ಅವರು ಸೊಲ್ಲಾಪುರದಲ್ಲಿ ಶ್ರಾವಿಕಾ ಸಂಸ್ಥೆಯನ್ನು ಬೆಳೆಸಿ, ಹೆಣ್ಣುಮಕ್ಕಳ ಕೈಗೆ ಪುಸ್ತಕ ಕೊಟ್ಟ ಪರಂಪರೆ ಇಲ್ಲಿಯದು. ಸ್ತೋತ್ರ ಓದಬಲ್ಲ ಕಣ್ಣು ತನ್ನ ರಕ್ತಪರೀಕ್ಷೆಯ ಕಾಗದವನ್ನೂ ಓದಬಲ್ಲದು. ಅದನ್ನು ಗಂಡನ ಅಥವಾ ಮಗನ ಕಪಾಟಿಗೆ ಸೇರಿಸಿ ಮರೆಯುವ ಅಗತ್ಯವಿಲ್ಲ.

ಬಸದಿಗಳ ಮಂಡಳಿಗಳು ಮನಸ್ಸು ಮಾಡಿದರೆ ಪರ್ವಕ್ಕೆ ಒಂದು ತಿಂಗಳು ಮುಂಚೆ, ಪ್ರವಚನದ ಸಭಾಭವನದ ಬಾಗಿಲಲ್ಲಿ ಒಂದು ಮೇಜು, ಒಂದು ಬಿ.ಪಿ. ಯಂತ್ರ, ಸಮಾಜದ ಒಬ್ಬ ವೈದ್ಯೆ ಅಥವಾ ದಾದಿಯನ್ನು ಕೂರಿಸಬಹುದು. ಔಷಧದಾನಕ್ಕೆಂದು ಬರುವ ಹಣಕ್ಕೆ ಇದಕ್ಕಿಂತ ಯೋಗ್ಯವಾದ ವಿನಿಯೋಗ ವಿರಳ. ಅಲ್ಲಿಯೇ ಪ್ರತಿಯೊಬ್ಬರಿಗೂ ಅಂಗೈಯಗಲದ ಒಂದು ಚೀಟಿ ಕೊಡಬೇಕು. ಅದರಲ್ಲಿ ಹೆಸರು, ವಯಸ್ಸು, ಇರುವ ರೋಗ, ನಿತ್ಯದ ಗುಳಿಗೆಗಳ ಹೆಸರು ಮತ್ತು ಪ್ರಮಾಣ, ಆಗದ ಔಷಧ, ಸ್ಟೆಂಟ್ ಹಾಕಿದ್ದರೆ ಅದರ ದಿನಾಂಕ, ಮನೆಯ ಇಬ್ಬರ ಫೋನ್ ನಂಬರು ಇರಬೇಕು. ಅಂಬುಲೆನ್ಸಿನವರಿಗೂ ಸೊಲ್ಲಾಪುರದ ವೈದ್ಯರಿಗೂ ಓದಲು ಬರುವಂತೆ ಒಂದು ಬದಿಯಲ್ಲಿ ಮರಾಠಿಯಲ್ಲಿ, ಇನ್ನೊಂದು ಬದಿಯಲ್ಲಿ ತಾಯಂದಿರಿಗೆ ತಿಳಿಯುವಂತೆ ಅವರವರ ಭಾಷೆಯಲ್ಲಿ ಬರೆದು, ದ್ರವ್ಯದ ಡಬ್ಬಿಯನ್ನಿಡುವ ಚೀಲದಲ್ಲಿಯೇ ಇರಿಸಿಕೊಳ್ಳಬೇಕು. ಮನೆಯಿಂದ ಹೊರಡುವಾಗ ಆ ಚೀಲವನ್ನು ಮರೆಯುವ ಶ್ರಾವಿಕೆಯರು ಕಡಿಮೆ.